ಬೀಗಲ್ ಮರಿ: ಬೊಗಳು, ಊಳು, ಹಠ. ಕೋಥ್ರೂಡ್ ಫ್ಲ್ಯಾಟಿನಲ್ಲಿ ಹೊರಗಿನ ಲೋಕಕ್ಕೆ ಒಗ್ಗಿಸುವುದು ಹೇಗೆ?

ಗುಂಡನ_ಮನೆ, ಕೋಥ್ರೂಡ್

ಎಲ್ಲರಿಗೂ ನಮಸ್ಕಾರ. ಗಂಡು ಬೀಗಲ್ ನಾಯಿಮರಿ, ಹೆಸರು ಗುಂಡ. ಇವತ್ತಿಗೆ 13 ವಾರ, ತೂಕ 4.6 ಕಿಲೋ. ಪುಣೆಯ ಕೋಥ್ರೂಡಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು. ಮನೆಯಲ್ಲಿ ನಾವಿಬ್ಬರು, 9 ವರ್ಷದ ಮಗಳು. 8 ಮತ್ತು 12ನೇ ವಾರದ ಲಸಿಕೆ ಆಗಿದೆ, ಮೂರನೆಯದು 16ನೇ ವಾರಕ್ಕೆ. ಅಲ್ಲಿಯವರೆಗೆ ನೆಲಕ್ಕೆ ಇಳಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ.

ತೊಂದರೆ ಹೀಗಿದೆ. ಲಿಫ್ಟಿನ ಬಾಗಿಲು ಸದ್ದಾದರೆ ಬೊಗಳುತ್ತಾನೆ. ಬೆಳಿಗ್ಗೆ ಘಂಟಾಗಾಡಿ (ಕಸದ ಗಾಡಿ) ಬಂದರೂ ಅಷ್ಟೇ. ಹೆಲ್ಮೆಟ್ ತೆಗೆಯದೆ ಬಾಗಿಲಿಗೆ ಬರುವ ಕೊರಿಯರ್ ಹುಡುಗನನ್ನು ಕಂಡರೆ ಹಿಂದೆ ಹಿಂದೆ ಸರಿಯುತ್ತಾ ಬೊಗಳುತ್ತಾನೆ. ಬಾಲ್ಕನಿಯಿಂದ ಬೀದಿನಾಯಿ ಕಂಡರೆ ತಲೆ ಮೇಲೆತ್ತಿ ಊಳಿಡುವುದು ಶುರು, ಹತ್ತು ನಿಮಿಷ ನಿಲ್ಲುವುದಿಲ್ಲ. ನಾವು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿದರೂ ಅದೇ ಊಳು. ಸಂಜೆ ಏಳರಿಂದ ಎಂಟೂವರೆವರೆಗೆ ಕಾರಣವೇ ಇಲ್ಲದೆ ನಮ್ಮ ಮುಖ ನೋಡಿ ಬೊಗಳುತ್ತಾನೆ, ಪ್ಯಾಂಟಿನ ತುದಿ ಕಚ್ಚಿ ಜಗ್ಗುತ್ತಾನೆ. ಪ್ಯಾಸೇಜಿನಲ್ಲಿ ಬೆಲ್ಟ್ ಹಾಕಿ ನಡೆಸಿದರೆ ನಾಲ್ಕು ಹೆಜ್ಜೆಗೆ ಕೂತುಬಿಡುತ್ತಾನೆ. ಮೂಗು ನೆಲಕ್ಕೆ ಹತ್ತಿತೆಂದರೆ ಹೆಸರು ಕರೆದದ್ದು ಕಿವಿಗೇ ಬೀಳುವುದಿಲ್ಲ.

ಕೆಳಗಿನ ಮನೆಯ ಅಜ್ಜಿ ಎರಡು ಸಲ ಬಂದು ಹೇಳಿ ಹೋಗಿದ್ದಾರೆ. ಮೂರನೇ ಲಸಿಕೆ ಆಗುವವರೆಗೆ ಕಾಯಬೇಕೋ, ಈಗಲೇ ಹೊರಗೆ ತೋರಿಸಲು ಶುರು ಮಾಡಬೇಕೋ? ನೀರು ಚಿಮುಕಿಸಿ, ಪೇಪರ್ ಸುರುಳಿಯಿಂದ ನೆಲಕ್ಕೆ ಬಡಿಯಿರಿ, ಶಾಕ್ ಕೊಡುವ ಪಟ್ಟಿ ಹಾಕಿ ಅಂತ ಮೂರು ಜನ ಮೂರು ಸಲಹೆ ಕೊಟ್ಟಿದ್ದಾರೆ. ಯಾವುದಕ್ಕೂ ಮನಸ್ಸು ಒಪ್ಪುತ್ತಿಲ್ಲ.

ಬಾಣೇರ್_ಬೀಗಲ್

ಕಾಯಬೇಡಿ. ಹೊಸದನ್ನು ಕಂಡಾಗ ಮರಿ ಹೆದರುವ ಮೊದಲು ಕುತೂಹಲ ಪಡುವ ಕಾಲ ಇರುವುದೇ ಸುಮಾರು 3ನೇ ವಾರದಿಂದ 14ನೇ ವಾರದವರೆಗೆ. ಗುಂಡನಿಗೆ 13. ಆಮೇಲೂ ಕಲಿಸಬಹುದು, ಆದರೆ ಈಗ ನಾಲ್ಕು ದಿನದಲ್ಲಿ ಆಗುವುದಕ್ಕೆ ಆಗ ವಾರಗಟ್ಟಲೆ ಬೇಕು. ಡಾಕ್ಟರು ನೆಲಕ್ಕೆ ಇಳಿಸಬೇಡಿ ಅಂದಿದ್ದಾರೆ, ಎತ್ತಿಕೊಂಡು ಹೋಗಬೇಡಿ ಅಂದಿಲ್ಲವಲ್ಲ. ಎದೆಗೆ ಅಡ್ಡಲಾಗಿ ಹಾಕುವ ಜೋಳಿಗೆ ಚೀಲ ಸಾಕು, ಮಗುವನ್ನು ಕಟ್ಟಿಕೊಳ್ಳುವಂಥದ್ದು. ಅದರೊಳಗೂ ಹಾರ್ನೆಸ್ (ಎದೆ, ಬೆನ್ನು ಸುತ್ತುವ ಪಟ್ಟಿ) ಹಾಕಿ, ಹಗ್ಗ ನಿಮ್ಮ ಮಣಿಕಟ್ಟಿಗಿರಲಿ. ಈ ವಯಸ್ಸಿನ ಬೀಗಲ್ ವಾಸನೆ ಸಿಕ್ಕರೆ ಚೀಲದಿಂದಲೂ ಜಿಗಿಯುತ್ತದೆ.

ಒಗ್ಗಿಸುವುದು ಅಂದರೆ ಎಲ್ಲರ ಕೈಗೂ ಕೊಡುವುದು, ಎಲ್ಲ ನಾಯಿಗಳ ಹತ್ತಿರ ಬಿಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಬೀಗಲ್ ವಿಷಯದಲ್ಲಿ ಇದು ದುಬಾರಿ ತಪ್ಪು. ಕಂಡವರೆಲ್ಲ ಮುದ್ದು ಮಾಡಿದರೆ ನಾಲ್ಕು ತಿಂಗಳ ನಂತರ ರಸ್ತೆಯಲ್ಲಿ ಯಾರೇ ಹೋದರೂ "ನನ್ನನ್ನು ಬಿಡು" ಅಂತ ಹಗ್ಗ ಎಳೆದು ಕಿರುಚುವ ನಾಯಿ ತಯಾರಾಗುತ್ತದೆ. ನೀವು ಕಲಿಸಬೇಕಾದದ್ದು ಇಷ್ಟೇ: ಲೋಕ ಅದರ ಪಾಡಿಗೆ ಹಾದು ಹೋಗುತ್ತಿರುತ್ತದೆ, ತಾನು ಸುಮ್ಮನೆ ಕೂತು ನೋಡಿದರೆ ಒಳ್ಳೆಯದಾಗುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಬೇಯಿಸಿದ ಕೋಳಿಯ ಎದೆಮಾಂಸ 30 ಗ್ರಾಂ ತೆಗೆದುಕೊಂಡು ಅರ್ಧ ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಸೋಕಿರಬಾರದು. ಮಾಂಸ ಬೇಡವೆಂದರೆ ಪನೀರ್ ಆಗುತ್ತದೆ, ಆದರೆ ಕೆಲವು ಮರಿಗಳಿಗೆ ಹೊಟ್ಟೆ ಸಡಿಲವಾಗುತ್ತದೆ, ಮೊದಲ ದಿನ ಐದಾರು ಚೂರು ಕೊಟ್ಟು ನೋಡಿ. ಇಷ್ಟನ್ನು ದಿನದ ಊಟದಲ್ಲಿ ಕಳೆಯಿರಿ. ಬೀಗಲ್ ಬೊಜ್ಜು ಬರುವ ಜಾತಿ, ಇಂಥ ತಿಂಡಿ ದಿನದ ಆಹಾರದ ಹತ್ತನೇ ಒಂದು ಪಾಲು ಮೀರಬಾರದು.

ಮೊದಲ ಮೂರು ದಿನ ನಿಮ್ಮ ವಸತಿ ಸೊಸೈಟಿಯ ಗೇಟಿನ ಒಳಗೆ, ಎತ್ತಿಕೊಂಡೇ, ದಿನಕ್ಕೆರಡು ಸಲ, ತಲಾ 10 ನಿಮಿಷ. ನಾಲ್ಕನೇ ದಿನದಿಂದ ಪೌಡ್ ರಸ್ತೆಯ ಕಡೆ ಹೋಗಿ, ವನಾಜ್ ಮೆಟ್ರೋ ನಿಲ್ದಾಣ ಕಾಣುವಷ್ಟು ದೂರದಲ್ಲಿ ನಿಲ್ಲಿ. ಅಲ್ಲಿ ಬಸ್ಸು, ರಿಕ್ಷಾ, ಮೇಲೆ ರೈಲು, ಕೆಳಗೆ ಜನ, ಎಲ್ಲ ಒಟ್ಟಿಗೆ ಸಿಗುತ್ತದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನಿಂದ ಐವತ್ತು ಅರವತ್ತು ಮೀಟರ್ ದೂರ ಇನ್ನೊಂದು ಒಳ್ಳೆಯ ಜಾಗ. ಒಂದು ಸಲಕ್ಕೆ 15 ನಿಮಿಷ ಮೀರಬೇಡಿ. ಏನಾದರೂ ಕಂಡು ಅವನ ಕಿವಿ ಆ ಕಡೆ ತಿರುಗಿದ ತಕ್ಷಣ, ಒಂದೆರಡು ಸೆಕೆಂಡಿನೊಳಗೆ, ಒಂದು ಚೂರು. ಆ ವಸ್ತು ಮರೆಯಾದ ಮೇಲೆ ತಿಂಡಿಯೂ ನಿಲ್ಲಬೇಕು. ಕ್ರಮ ಮುಖ್ಯ: ಮೊದಲು ಬಸ್ಸು, ಆಮೇಲೆ ಕೋಳಿ. ನೀವು ಮೊದಲೇ ಚೀಲಕ್ಕೆ ಕೈ ಹಾಕಿದರೆ ಮರಿ ಬಸ್ಸನ್ನು ನೋಡುವುದೇ ಇಲ್ಲ, ನಿಮ್ಮ ಕೈ ನೋಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕೈ ಚೀಲಕ್ಕೆ ಹೋದರೆ ಏನೋ ಹೆದರಿಕೆಯದು ಬರಲಿದೆ ಅಂತ ಕಲಿಯುತ್ತದೆ.

ದೂರ ಸರಿಯಿದೆಯೋ ಇಲ್ಲವೋ ನಿಮ್ಮ ಬೆರಳೇ ಹೇಳುತ್ತದೆ. ಚೂರನ್ನು ತುಟಿಯಿಂದ ಮೃದುವಾಗಿ ತೆಗೆದುಕೊಂಡರೆ ಸರಿಯಾದ ಜಾಗ. ಹಲ್ಲು ತಾಗುವಂತೆ ಕಸಿದುಕೊಂಡರೆ ಒತ್ತಡ ಏರುತ್ತಿದೆ, ಹತ್ತು ಹೆಜ್ಜೆ ಹಿಂದೆ ಹೋಗಿ. ತಿಂಡಿ ಮೂಗಿಗೆ ಹಿಡಿದರೂ ಬೇಡವೆಂದರೆ ತುಂಬಾ ಹತ್ತಿರ ಬಂದಿದ್ದೀರಿ, ಅವತ್ತಿಗೆ ಮನೆಗೆ ಹೋಗಿ. ಬಾಯಿ ಬಿಗಿ, ಆಕಳಿಕೆ, ಮತ್ತೆ ಮತ್ತೆ ಮೂಗು ನೆಕ್ಕುವುದು, ಮುಖ ತಿರುಗಿಸಿ ಕಣ್ಣಂಚು ಬೆಳ್ಳಗೆ ಕಾಣಿಸುವುದು, ಇವೆಲ್ಲ ಬೊಗಳುವುದಕ್ಕೆ ಮೊದಲಿನ ಮಾತುಗಳು.

ಬೀಗಲ್ ಕಂಡರೆ ಜನ ಓಡಿ ಬಂದು ಕೈ ಹಾಕುತ್ತಾರೆ. "ಹಾತ್ ಲಾವೂ ನಕಾ, ಶಿಕತೋಯ್" (ಮುಟ್ಟಬೇಡಿ, ಕಲಿಯುತ್ತಿದ್ದಾನೆ) ಅಂತ ಮರಾಠಿಯಲ್ಲಿ ನಗುತ್ತಲೇ ಹೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವನಾಗಿಯೇ ಕತ್ತು ಚಾಚಿದರೆ ಮಾತ್ರ ಎದೆಯ ಹತ್ತಿರ 3 ಸೆಕೆಂಡು ಸವರಲಿ, ಕೈ ತೆಗೆಯಲಿ. ಮತ್ತೆ ಬೇಕೆಂದರೆ ಅವನೇ ಕೇಳುತ್ತಾನೆ. ತಲೆಯ ಮೇಲಿಂದ ಕೈ ತರುವುದು ಬೇಡ.

ಮಳೆ ಹತ್ತಿರ ಬಂತು. ಛತ್ರಿ, ರೇನ್‌ಕೋಟು, ತಲೆಗೆ ಪ್ಲಾಸ್ಟಿಕ್ ಹೊದ್ದವರು, ಇದನ್ನೆಲ್ಲ ಮೊದಲು ಮನೆಯಲ್ಲೇ ತೋರಿಸಿ. ಛತ್ರಿಯನ್ನು ತೆರೆದು ನೆಲದ ಮೇಲಿಟ್ಟು ಸುತ್ತ ಊಟದ ಕಾಳು ಹಾಕಿ. ಎರಡನೇ ದಿನ ಕೈಯಲ್ಲಿ ಹಿಡಿದು, ಮೂರನೇ ದಿನ ಕೋಣೆಯ ಆ ತುದಿಯಲ್ಲಿ ತೆರೆದು ಮುಚ್ಚಿ. ಕೊರಿಯರ್ ಹುಡುಗನ ವಿಷಯವೂ ಇದೇ. ಹೆಲ್ಮೆಟ್ಟನ್ನು ಎರಡು ದಿನ ಅವನ ತಟ್ಟೆಯ ಪಕ್ಕ ಇಡಿ, ಆಮೇಲೆ ಮನೆಯವರು ಹಾಕಿಕೊಂಡು ಕೂರಲಿ, ಆಮೇಲೆ ನಡೆಯಲಿ, ಕೊನೆಗೆ ಬಾಗಿಲಿನಿಂದ ಒಳಗೆ ಬರಲಿ. ಹಿಂದೆ ಸರಿಯುತ್ತಾ ಬೊಗಳುವುದು ಶುದ್ಧ ಹೆದರಿಕೆ. ಅದಕ್ಕೆ ಗದರಿದರೆ ಹೆಲ್ಮೆಟ್ಟಿನ ಜತೆಗೆ ನೀವೂ ಹೆದರಿಕೆಯ ವಸ್ತುವಾಗುತ್ತೀರಿ. ನೀರು, ಪೇಪರ್, ಶಾಕ್ ಪಟ್ಟಿ ಮೂರೂ ಬೇಡ ಅನ್ನುವುದು ಇದಕ್ಕೇ. ನೋವಿಗೆ ಬೊಗಳು ನಿಂತರೂ ಹೆದರಿಕೆ ಒಳಗೇ ಇರುತ್ತದೆ, ಮುಂದೊಂದು ದಿನ ಎಚ್ಚರಿಕೆ ಕೊಡದೆ ನೇರ ಕಚ್ಚುವುದಕ್ಕೆ ಬರುತ್ತದೆ.

ಸಂಜೆಯ ಗಲಾಟೆಗೆ ಬೇರೆ ಕಾರಣ. 13 ವಾರದ ಮರಿಗೆ ದಿನಕ್ಕೆ 18 ಗಂಟೆಯ ಆಸುಪಾಸು ನಿದ್ದೆ ಬೇಕು. ಮಗಳು ಶಾಲೆಯಿಂದ ಬಂದ ಮೇಲೆ ಎಂಟರವರೆಗೂ ಎಚ್ಚರವಾಗೇ ಇರುತ್ತಾನಾ ನೋಡಿ. ಹಾಗಿದ್ದರೆ ಅದು ನಿದ್ದೆಗೆಟ್ಟ ಕೂಸಿನ ರಂಪ. ಒಂದು ಗಂಟೆ ಎಚ್ಚರ, ಆಮೇಲೆ ಒಂದೂವರೆ ಎರಡು ಗಂಟೆ ಮಂದ ಬೆಳಕಿನ ಕೋಣೆಯಲ್ಲಿ ಮಲಗು, ಈ ಲೆಕ್ಕ ಹಿಡಿಯಿರಿ. ಐದೂವರೆಗೆ ಮಲಗಿಸಿದರೆ ಏಳರ ಬೊಗಳು ಬಹುಪಾಲು ಇಲ್ಲವಾಗುತ್ತದೆ.

ಬಾಲ್ಕನಿಯ ಕೆಳಗಿನ ಮೂರಡಿಗೆ ಹಸಿರು ಶೇಡ್ ನೆಟ್ ಎರಡು ಪದರ ಕಟ್ಟಿ, ಇವತ್ತೇ. ದಿನಾ ಹತ್ತು ನಿಮಿಷ ಬೊಗಳುವುದು ದಿನಾ ಹತ್ತು ನಿಮಿಷದ ಅಭ್ಯಾಸ. ನೋಟ ತಪ್ಪಿಸದೆ ಯಾವ ತರಬೇತಿಯೂ ನಾಟುವುದಿಲ್ಲ.

ಪಶುವೈದ್ಯೆ_ಚಿಂಚ್ವಡ್

ಮೇಲಿನ ಮಾತಿಗೆ ವೈದ್ಯಕೀಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯ ಕೆಲಸಕ್ಕೆ ಅದೇ ಅಡ್ಡಿ. ಅದು ಯಾವ ಮರಿಯಲ್ಲಿ ಯಾವ ವಾರ ಕರಗುತ್ತದೆ ಅನ್ನುವುದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ 6–8ನೇ ವಾರದಿಂದ ಶುರು ಮಾಡಿ 3–4 ವಾರಕ್ಕೊಮ್ಮೆ, 16ನೇ ವಾರದವರೆಗೆ ಕೊಡುತ್ತೇವೆ. ಎರಡು ಲಸಿಕೆ ಆದ ಮರಿಗೆ ರಕ್ಷಣೆ ಇರುವ ಸಾಧ್ಯತೆ ಹೆಚ್ಚು, ಖಾತ್ರಿಯಲ್ಲ. ರೇಬೀಸ್ ಲಸಿಕೆ ಬೇರೆಯದು, 12 ವಾರ ತುಂಬಿದ ಮೇಲೆ. ಗುಂಡನ ಪುಸ್ತಕದಲ್ಲಿ ಅದು ಇದೆಯಾ ನೋಡಿ, ಇಲ್ಲದಿದ್ದರೆ ಈ ವಾರವೇ ಕೇಳಿ.

ಅಮೆರಿಕದ ಪಶು ನಡವಳಿಕೆ ವೈದ್ಯರ ಸಂಘದ ನಿಲುವು ಏನೆಂದರೆ, ಮೊದಲ ಲಸಿಕೆ ಮತ್ತು ಮೊದಲ ಜಂತುಹುಳದ ಔಷಧಿ ಆಗಿ 7 ದಿನ ಕಳೆದಿದ್ದರೆ 7–8 ವಾರದ ಮರಿಯನ್ನೂ ಸ್ವಚ್ಛ ಜಾಗದ ಮರಿ ತರಗತಿಗೆ ಕರೆದೊಯ್ಯಬಹುದು. ಆದರೆ ನಮ್ಮ ಬೀದಿಗಳು ಅಂಥ ಸ್ವಚ್ಛ ಜಾಗವಲ್ಲ. ಮರಿಗಳಿಗೆ ವಾಂತಿಭೇದಿ ತಂದು ಜೀವಕ್ಕೇ ಕುತ್ತಾಗುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬೀದಿನಾಯಿ ಮಲ ಮಾಡುವ ಫುಟ್‌ಪಾತಿನ ಅಂಚು, ಸೊಸೈಟಿಯ ಹುಲ್ಲು, ಆಸ್ಪತ್ರೆಯ ನೆಲ, ಈ ಮೂರಕ್ಕೂ 16ನೇ ವಾರದ ಲಸಿಕೆ ಆಗಿ ಒಂದೆರಡು ವಾರದವರೆಗೆ ಕಾಲು ತಾಗಿಸಬೇಡಿ. ಚಪ್ಪಲಿ ಬಾಗಿಲ ಹೊರಗೇ ಬಿಡಿ. ಸ್ಯಾನಿಟೈಸರಿಗೆ ಪಾರ್ವೋ ಬಗ್ಗುವುದಿಲ್ಲ. ಒಂದು ಭಾಗ ಮನೆಬಳಕೆಯ ಬ್ಲೀಚಿಗೆ 30 ಭಾಗ ನೀರು ಬೆರೆಸಿ, ಮೊದಲೇ ತೊಳೆದ ನೆಲದ ಮೇಲೆ 10 ನಿಮಿಷ ಬಿಟ್ಟರೆ ಸಾಯುತ್ತದೆ. ಮರಿ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ವಾಂತಿ, ರಕ್ತ ಬೆರೆತ ಭೇದಿ, ಊಟ ಬಿಟ್ಟು ಮಂಕಾಗಿ ಮಲಗುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅದೇ ದಿನ ತೋರಿಸಿ.

ಬೇರೆ ನಾಯಿಯ ಸಹವಾಸ ಈಗಲೇ ಬೇಕು. ಲಸಿಕೆ ಪೂರ್ತಿಯಾದ, ಶಾಂತ ಸ್ವಭಾವದ ಒಂದು ದೊಡ್ಡ ನಾಯಿಯನ್ನು ನಿಮ್ಮ ಮನೆಗೇ ಕರೆಸಿ. ಎರಡಕ್ಕೂ ಹಗ್ಗ ಸಡಿಲ, ಐದು ನಿಮಿಷ ಆಟ, ಬೇರ್ಪಡಿಸಿ, ಮತ್ತೆ ಐದು ನಿಮಿಷ. ದೊಡ್ಡ ನಾಯಿ ಒಮ್ಮೆ ಗುರ್ ಅಂದು ಮರಿ ಹಿಂದೆ ಸರಿದರೆ ಅದು ಒಳ್ಳೆಯ ಪಾಠ, ತಡೆಯಬೇಡಿ. ಮರಿ ಸೋಫಾದಡಿ ಸೇರಿಕೊಂಡರೂ ಅದು ಬೆನ್ನು ಹತ್ತಿದರೆ ತಡೆಯಿರಿ.

ಮಳೆಗಾಲದಲ್ಲಿ ಇಲಿಮೂತ್ರ ಬೆರೆತ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಅದು ಮನುಷ್ಯರಿಗೂ ಹರಡುತ್ತದೆ. ನಿಮ್ಮ ಲಸಿಕೆಯಲ್ಲಿ ಲೆಪ್ಟೊ ಸೇರಿದೆಯೋ ಇಲ್ಲವೋ ಕೇಳಿ. ಇನ್ನು ಬೀಗಲ್ಲಿನ ಜೋಲು ಕಿವಿ. ನೆನೆದರೆ ಒಳಗೆ ಗಾಳಿಯಾಡದೆ ಸೋಂಕಾಗುತ್ತದೆ. ಮಳೆಯಿಂದ ಬಂದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ಎತ್ತಿ ಮೂಸಿ ನೋಡಿ. ಹುಳಿ ವಾಸನೆ, ಕಂದು ಕೊಳೆ, ತಲೆ ಕೊಡವುವುದು ಇದ್ದರೆ ತೋರಿಸಿ. ಇದ್ದಕ್ಕಿದ್ದಂತೆ ಮುಟ್ಟಿದರೆ ಸಾಕು ಬೊಗಳುವ ಬೀಗಲ್ಲಿಗೆ ಎಷ್ಟೋ ಸಲ ಕಿವಿಯೇ ನೋಯುತ್ತಿರುತ್ತದೆ.

ಮುಧೋಳ_ಸೀಮಿ, ಸದ್ಯಕ್ಕ ಪಿಂಪರಿ

ಅಕ್ಕಾರ, ನಮ್ಮ ಕಡೆ ಮಂದಿ ಬ್ಯಾಟಿನಾಯಿ ಅಂದ್ರ ಎಲ್ಲಾ ಒಂದ ಅಂತಾರ. ಹಂಗ ಇಲ್ರಿ. ಮುಧೋಳ ನಾಯಿ, ಇಲ್ಲಿ ಮಹಾರಾಷ್ಟ್ರದಾಗ ಕರವಾನಿ ಅಂತಾರಲ್ಲ, ಅದು ಕಣ್ಣಿಲೆ ನೋಡಿ ಓಡಿ ಹಿಡಿಯೂ ನಾಯಿ. ಓಡುಮುಂದ ಒದರೂ ಕೆಲಸ ಅದಕ್ಕಿಲ್ಲ. ಬೀಗಲ್ ಮೂಗಿಲೆ ಹುಡುಕೂದು. ಇಂಗ್ಲೆಂಡದಾಗ ಮೊಲದ ವಾಸನಿ ಹಿಡದು ಹಿಂಡಾಗಿ ಹೊಂಟ್ರ, ಹಿಂದ ನಡಕೊಂಡು ಬರೂ ಬ್ಯಾಟಿಗಾರಗ "ವಾಸನಿ ಈ ಕಡೆ ಐತಿ" ಅಂತ ದನಿ ಕೊಡೂದು ಅದರ ಕೆಲಸ. ಆ ದನಿ ಸಲುವಾಗೇ ನೂರಾರು ವರ್ಷ ಆರಿಸಿ ಆರಿಸಿ ಬೆಳಸ್ಯಾರ. ಅದನ್ನ ಪೂರಾ ಬಂದ ಮಾಡತೀನಿ ಅಂದ್ರ ಆಗೂದಿಲ್ರಿ, ಕಡಿಮಿ ಮಾಡಬಹುದು, ಹೊತ್ತು ಗೊತ್ತು ಕಲಸಬಹುದು. ಹಿಂಡಿನ ನಾಯಿ ಅಂದಮ್ಯಾಲ ಒಬ್ಬಂವಾ ಇದ್ರ ಒದರೂದೂ ಅಲ್ಲಿಂದ ಬಂದದ್ದ.

ನಮ್ಮ ಮೂಗಿನ್ಯಾಗ ವಾಸನಿ ಹಿಡಿಯೂ ಕಣ ಐವತ್ತು ಲಕ್ಷದ ಲೆಕ್ಕ ಆದ್ರ ಬೀಗಲ್ಲಿಗೆ 20 ಕೋಟಿಗೂ ಮ್ಯಾಲ. ಮೂಗು ನೆಲಕ್ಕ ಹತ್ತಿದಾಗ ಹೆಸರು ಕೇಳಸೂದಿಲ್ಲ ಅಂತೀರಿ. ಅದು ಹಠ ಅಲ್ರಿ, ಅಂವನ ತಲಿ ಪೂರಾ ಅಲ್ಲೇ ಇರತೈತಿ. ಮೂಗಿನ ಕೂಡ ಜಗಳಾಡಬ್ಯಾಡ್ರಿ, ಮೂಗಿಗೇ ಕೆಲಸ ಕೊಡ್ರಿ. ಊಟದ ಅರ್ಧ ಕಾಳು ತಟ್ಟ್ಯಾಗ ಹಾಕೂದು ಬಿಡ್ರಿ. ಹಳೇ ಟವೆಲ್ ಹಾಸಿ ಕಾಳು ಉದರಿಸಿ ಸುತ್ತಿ ಕೊಡ್ರಿ, ಬಿಡಸ್ಕೊಂಡು ತಿನ್ನಲಿ. ಎರಡು ದಿನದಾಗ ಜಾಣ ಆಕ್ಕಾನ, ಆಗ ಸಡ್ಲಾಗಿ ಒಂದು ಗಂಟ ಹಾಕ್ರಿ. ರಟ್ಟಿನ ತತ್ತಿ ಟ್ರೇದಾಗ ಕಾಳು ಹಾಕಿ ಮ್ಯಾಲ ಪೇಪರ್ ಉಂಡಿ ಮುಚ್ಚಿದ್ರೂ ಆತು, ಆದ್ರ ರಟ್ಟು ನುಂಗೂ ಮರಿ ಇದ್ರ ಕಣ್ಣ ಮುಂದ ಇರ್ರಿ. ಹದಿನೈದು ನಿಮಿಷ ಮೂಸಿ ಹುಡುಕಿದ ಮರಿ, ಅರ್ಧ ತಾಸು ಓಡಿದ ಮರಿಗಿಂತ ಚಲೋ ಮಲಗತೈತಿ.

ಇದಕ್ಕ ಒಂದು ಶಬ್ದ ಕಟ್ಟ್ರಿ, "ಹುಡುಕು". ಅಂದಕೂಡ್ಲೆ ಎಂಟು ಹತ್ತು ಕಾಳು ನೆಲದ ಮ್ಯಾಲ ಚೆಲ್ಲರಿ. ದಿನಾ ಐದಾರು ಸಲ ಸುಮ್ಮ ಇದ್ದಾಗ ಆಡಸ್ರಿ. ಒಂದು ವಾರಕ್ಕ ಆ ಶಬ್ದ ಕೇಳಿದ್ರ ತಲಿ ತಾನಾ ಕೆಳಗ ಹೋಗತೈತಿ. ಮುಂದ ಹಾದ್ಯಾಗ ಎದುರಿಗೆ ನಾಯಿ ಬಂತು, ಕಿವಿ ನೆಟ್ಟಗಾತು, ಇನ್ನ ಬಾಯಿ ತೆರದಿಲ್ಲ, ಅಷ್ಟರಾಗ "ಹುಡುಕು". ತಲಿ ಕೆಳಗ ಇದ್ದ ನಾಯಿಗೆ ಊಳಿಡಾಕ ಬರೂದಿಲ್ಲ. ಎದುರಿನ ನಾಯಿಗೂ "ಇಂವಾ ಜಗಳಕ್ಕ ಬಂದಿಲ್ಲ" ಅಂತ ತಿಳೀತೈತಿ.

ಕುಂತುಬಿಡತಾನ ಅಂದ್ರಿ. ಜಗ್ಗಬ್ಯಾಡ್ರಿ, ಜಗ್ಗಿದಷ್ಟೂ ಹಿಂದಕ್ಕ ಒತ್ತತಾನ. ಹಗ್ಗ ಪೂರಾ ಸಡ್ಲ ಬಿಟ್ಟು, ಮಾರಿ ನೋಡದ, ಬಾಜೂಕ ಒಂದು ಹೆಜ್ಜಿ ಇಟ್ಟು ಹತ್ತು ಎಣಸ್ರಿ. ಎದ್ದು ಬಂದ್ರ ಕಾಳು ನಿಮ್ಮ ಕಾಲ ಬಲ್ಲೆ ನೆಲಕ್ಕ ಹಾಕ್ರಿ. ಮರಿಗಳು ಮನಿಯಿಂದ ದೂರ ಹೋಗಾಕ ಒಲ್ಲೆ ಅಂತಾವು, ಮನಿ ಕಡೆ ಬರಾಕ ಒಲ್ಲೆ ಅನ್ನೂದಿಲ್ಲ. ಅದಕ್ಕ ಪ್ಯಾಸೇಜಿನ ಆ ತುದಿತನಕ ಎತ್ತಿಕೊಂಡು ಹೋಗಿ ಅಲ್ಲಿಂದ ಮನಿ ಕಡೆ ನಡಸ್ರಿ. ಲಸಿಕಿ ಮುಗದಮ್ಯಾಲ ರಸ್ತೆಕ್ಕೂ ಇದ ಪಾಠ, ಐವತ್ತು ಹೆಜ್ಜಿ ಎತ್ತಿಕೊಂಡು, ಹೊಳ್ಳಿ ನಡಕೊಂಡು. ಆಮ್ಯಾಲ ಕರಾರು ಮಾಡ್ರಿ: ಇಪ್ಪತ್ತು ಹೆಜ್ಜಿ ನನ್ನ ಜೋಡಿ, ಆಮ್ಯಾಲ ಅರ್ಧ ನಿಮಿಷ ನಿನಗ ಬೇಕಾದ್ದು ಮೂಸು. ಬೀಗಲ್ಲಿಗೆ ಕೋಳಿಗಿಂತ ಒಂದು ಗಿಡದ ಬುಡ ದೊಡ್ಡ ಬಹುಮಾನ.

ಕೊರಳ ಪಟ್ಟಿಗೆ ಹಗ್ಗ ಹಾಕಬ್ಯಾಡ್ರಿ. ಎದಿ ಮ್ಯಾಲ ಇಂಗ್ಲಿಷಿನ ವೈ ಅಕ್ಷರದಂಗ ಕೂಡೂ ಹಾರ್ನೆಸ್ ತಗೋರಿ, ಭುಜದ ಕೀಲಿಗೆ ಅಡ್ಡ ಬರಬಾರದು, ಪಟ್ಟಿ ಒಳಗ ಎರಡು ಬಟ್ಟು ಹೋಗಬೇಕು. ಬೆಳಿಯೂ ಮರಿ, ವಾರಾ ವಾರಾ ಸಡಲಸ್ರಿ. ಟೇಕಡಿಗೆ (ಗುಡ್ಡಕ್ಕ) ಹೋದ್ರ 5 ಮೀಟರ್ ಉದ್ದನ ಹಗ್ಗ. ವೇತಾಳ ಟೇಕಡಿ, ತಳಜಾಯಿ ಎರಡೂ ಕಡೆ ನವಿಲ ಅದಾವು. ಬೀಗಲ್ಲನ್ನ ಹಗ್ಗ ಬಿಚ್ಚಿ ಬಿಡೂ ಮಾತು ದೊಡ್ಡಂವಾದ ಮ್ಯಾಲೂ ಆಡಬ್ಯಾಡ್ರಿ. ವಾಸನಿ ಹಿಡದು ಹೋದ ಬೀಗಲ್ ಹೊಳ್ಳಿ ನೋಡೂದಿಲ್ಲ, ಹೆದ್ದಾರಿಗೇ ಹೋಗಿ ನಿಂದರತೈತಿ.

ಸೊಸೈಟಿ_ಕಮಿಟಿ_ವಾಕಡ್

ಅಜ್ಜಿಯ ದೂರಿನ ಬಗ್ಗೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಸೊಸೈಟಿಯವರು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಹತ್ತಬೇಡಿ ಅನ್ನುವಂತಿಲ್ಲ. ಮಹಾನಗರ ಪಾಲಿಕೆಯ ಲೈಸೆನ್ಸ್ ಮಾಡಿಸಿ, ಅದಕ್ಕೆ ರೇಬೀಸ್ ಲಸಿಕೆಯ ಪ್ರಮಾಣಪತ್ರ ಬೇಕಾಗುತ್ತದೆ. ಆದರೆ ಕಾನೂನಿನ ಕಾಗದ ಹಿಡಿದು ಅಜ್ಜಿಯ ಮನೆಗೆ ಹೋಗಬೇಡಿ. ಯಾವ ಹೊತ್ತಿಗೆ ಹೆಚ್ಚು ತೊಂದರೆ ಅಂತ ಅವರನ್ನೇ ಕೇಳಿ. "ಮಧ್ಯಾಹ್ನ ಎರಡರಿಂದ ನಾಲ್ಕು ಮಲಗುತ್ತೇವೆ" ಅಂದರೆ ಆ ಹೊತ್ತಿಗೆ ನೀವು ಮರಿಯನ್ನು ಒಂಟಿ ಬಿಡದಂತೆ ನೋಡಿಕೊಳ್ಳುವುದು ಸುಲಭ. ಆರು ವಾರದ ತರಬೇತಿ ನಡೀತಿದೆ ಅಂತ ಹೇಳಿದರೆ ಜನ ಕಾಯುತ್ತಾರೆ. ಕೊನೆ ಕಾಣದ ಸದ್ದಿಗೇ ಸಿಟ್ಟು ಬರುವುದು. ಅವನ ಜಾಗದ ಕೆಳಗೆ ದಪ್ಪ ರಗ್ಗು ಹಾಸಿ, ಮುಂಬಾಗಿಲಿನ ಕೆಳಸಂದಿಗೆ ರಬ್ಬರ್ ಪಟ್ಟಿ ಹಚ್ಚಿ. ಊಳಿನ ಬಹುಪಾಲು ಆ ಸಂದಿಯಿಂದಲೇ ಪ್ಯಾಸೇಜಿಗೆ ಹೋಗುವುದು.

ಒಂಟಿ ಇರುವುದನ್ನು ಸೆಕೆಂಡುಗಳಿಂದ ಕಲಿಸಬೇಕು. ಮೊದಲು ಮಕ್ಕಳಿಗೆ ಹಾಕುವ ಅಡ್ಡಗೇಟು, ಅವನು ಆ ಕಡೆ, ನೀವು ಈ ಕಡೆ, ಮುಖ ಕಾಣುತ್ತಿರಲಿ. 5 ಸೆಕೆಂಡು ಮರೆಯಾಗಿ ಬನ್ನಿ, ಏನೂ ಮಾತಾಡಬೇಡಿ. ಐದು ಸಲ ಸುಮ್ಮನಿದ್ದರೆ 10, ಆಮೇಲೆ 20, 40. ಪ್ರತಿ ಸಲವೂ ಏರಿಸಬೇಡಿ. 40 ಆದ ಮೇಲೆ ಮತ್ತೆ 15, ಮತ್ತೆ 50, ಹೀಗೆ ಹಿಂದೆ ಮುಂದೆ ಇರಲಿ, ಇಲ್ಲದಿದ್ದರೆ ಪ್ರತಿ ಸಲವೂ ಕಷ್ಟವಾಗುತ್ತಲೇ ಹೋಗುತ್ತದೆ ಅಂತ ಮರಿಗೆ ಗೊತ್ತಾಗುತ್ತದೆ. ಸ್ನಾನದ ಮನೆಯ ಚಿಲಕ, ಬೀಗದ ಕೈ, ಚಪ್ಪಲಿ, ಆಫೀಸಿನ ಬ್ಯಾಗು, ಇವುಗಳ ಸದ್ದೇ ಮೊದಲ ಗಾಬರಿ. ಬೀಗದ ಕೈ ಎತ್ತಿಕೊಂಡು ಸೋಫಾದ ಮೇಲೆ ಕೂರಿ, ಬ್ಯಾಗು ಹಾಕಿಕೊಂಡು ಅಡಿಗೆ ಮನೆಗೆ ಹೋಗಿ. ದಿನಕ್ಕೆ ಹತ್ತು ಸಲ ಹೀಗಾದರೆ ಆ ಸದ್ದುಗಳಿಗೆ ಅರ್ಥವೇ ಉಳಿಯುವುದಿಲ್ಲ.

ಊಳು ನಿಂತ ಮೇಲೆ ಮಾತ್ರ ಬಾಗಿಲು ತೆರೆಯಿರಿ ಅಂತ ಹೇಳುವವರಿದ್ದಾರೆ. ಬೇಕು ಅಂತ ಮುಖ ನೋಡಿ ಬೊಗಳುವುದಕ್ಕೆ ಆ ಮಾತು ಸರಿ. ಒಂಟಿತನದ ಗಾಬರಿಗೆ ತಪ್ಪು. ಹಳೇ ಫೋನಿನಲ್ಲಿ ರೆಕಾರ್ಡ್ ಹಾಕಿ ನೋಡಿ. ಬಾಗಿಲು ಗೀರುವುದು, ಜೊಲ್ಲು, ಅತ್ತಿತ್ತ ಓಡಾಟ, ನೆಲದಲ್ಲಿ ಮೂತ್ರ ಕಂಡರೆ ಅದು ಗಾಬರಿ, ಒಳಗೆ ಹೋಗಿ, ಮುಂದಿನ ಸಲ ಅದರ ಅರ್ಧ ಹೊತ್ತಿಗೆ ಇಳಿಯಿರಿ. ಈ ವಯಸ್ಸಿಗೆ ಕಲಿತ ಮರಿಗೂ ಎರಡು ಮೂರು ಗಂಟೆಯೇ ಮಿತಿ, ಮೂತ್ರ ತಡೆಯುವ ಶಕ್ತಿ ಅಷ್ಟೇ ಇರುವುದು. ತರಬೇತಿ ನಡೆಯುವಷ್ಟು ದಿನ ಪೂರ್ತಿ ಒಂಟಿ ಬಿಡುವ ಸಂದರ್ಭವೇ ಬಾರದಂತೆ ಮನೆಯವರು ಪಾಳಿ ಹಾಕಿಕೊಳ್ಳಿ. ಅರ್ಧ ದಿನದ ಒಂದು ಗಾಬರಿ ಹತ್ತು ದಿನದ ಕೆಲಸವನ್ನು ಅಳಿಸುತ್ತದೆ.

ಗುಂಡನ_ಮನೆ, ಕೋಥ್ರೂಡ್

ಎಲ್ಲರಿಗೂ ಮನಸಾರೆ ಧನ್ಯವಾದ. ಒಂಬತ್ತು ದಿನ ಆಯಿತು. ಸಂಜೆಯ ರಂಪ ನಿದ್ದೆಯಿಂದಲೇ ನಿಂತಿದೆ, ಬಾಲ್ಕನಿಗೆ ನೆಟ್ ಕಟ್ಟಿದ್ದೇವೆ, ಒಂಟಿ ಇರುವುದು 4 ನಿಮಿಷಕ್ಕೆ ಬಂದಿದೆ. ಒಂದು ಹೊಸ ತೊಡಕು. ಲಿಫ್ಟ್ ಸದ್ದಿಗೆ ಒಂದೇ ಸಲ ಬೊಗಳಿ, ತಕ್ಷಣ ತಿರುಗಿ ನನ್ನ ಕೈ ನೋಡುತ್ತಾನೆ. ಬೊಗಳಿದರೆ ಕೋಳಿ ಸಿಗುತ್ತದೆ ಅಂತ ಕಲಿತುಬಿಟ್ಟನಾ? ಇನ್ನೊಂದು, ನದಿಯ ಕಡೆ ಢೋಲ್ ಪಥಕಗಳ (ಡೋಲು ಬಾರಿಸುವ ತಂಡಗಳ) ಅಭ್ಯಾಸ ಶುರುವಾಗುತ್ತದೆ. ಗಣೇಶೋತ್ಸವಕ್ಕೆ ಅವನನ್ನು ಹೇಗೆ ತಯಾರು ಮಾಡುವುದು?

ಬಾಣೇರ್_ಬೀಗಲ್

ಹೌದು, ಅದನ್ನೇ ಕಲಿತಿದ್ದಾನೆ. ಸದ್ದು, ಬೊಗಳು, ತಿರುಗು, ಕೋಳಿ, ಹೀಗೆ ಸರಪಣಿ ಕಟ್ಟಿಕೊಂಡಿದೆ. ಚೂರು ಒಂದು ಸೆಕೆಂಡು ತಡವಾಗಿ ಹೋಗುತ್ತಿರುವುದೇ ಕಾರಣ. ಗಾಬರಿಯಾಗಬೇಡಿ, ತಿರುಗಿ ನೋಡುವುದಂತೂ ಒಳ್ಳೆಯ ಭಾಗ, ನಡುವಿನ ಬೊಗಳನ್ನು ಮಾತ್ರ ಕಿತ್ತರೆ ಸಾಕು. ಲಿಫ್ಟಿನ ಬಾಗಿಲಿಗಿಂತ ಮೊದಲು ಮೋಟಾರಿನ ಗುಂಯ್ ಸದ್ದು ಬರುತ್ತದಲ್ಲ, ಅದಕ್ಕೇ ಅವನ ಕಿವಿ ಅಲುಗುತ್ತದೆ. ಆ ಕ್ಷಣಕ್ಕೇ ಚೂರು ಬಾಯಿಗೆ ಹೋಗಬೇಕು. ಬೊಗಳಿಯೇಬಿಟ್ಟರೆ ಏನೂ ಕೊಡಬೇಡಿ, ಬೈಯಬೇಡಿ. ಮನಸ್ಸಿನಲ್ಲೇ ಮೂರು ಎಣಿಸಿ, ಸುಮ್ಮನಿದ್ದರೆ "ಕೂತ್ಕೋ" ಅನ್ನಿ, ಕೂತರೆ ಕೊಡಿ. ಮೂರು ದಿನ ಮುಂಬಾಗಿಲಿನಿಂದ ದೂರದ ಕೋಣೆಯಲ್ಲಿ ಮಾಡಿ, ಅಲ್ಲಿ ಸದ್ದು ಸಣ್ಣದು. ನಡುವೆ ಒಂದೆರಡು ದಿನ ಬೊಗಳು ಹೆಚ್ಚಾಗಬಹುದು. ಹಳೇ ಉಪಾಯ ಫಲಿಸದಾಗ ಮರಿ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಆ ಹೊತ್ತಿನಲ್ಲಿ ಸೋತು ಕೊಟ್ಟರೆ, ಜೋರಾಗಿ ಬೊಗಳಿದರೆ ಸಿಗುತ್ತದೆ ಅನ್ನುವುದು ಗಟ್ಟಿಯಾಗುತ್ತದೆ.

ಢೋಲ್ ತಾಶೆಗೆ ರೆಕಾರ್ಡಿಂಗ್ ಒಂದನ್ನೇ ನಂಬಬೇಡಿ. ಫೋನಿನ ಸ್ಪೀಕರಿಗೆ ತಾಶೆಯ ಚಟಚಟ ಬರುತ್ತದೆ, ಢೋಲಿನ ಗುಡುಗು ಬರುವುದಿಲ್ಲ. ನೆಲದಿಂದ ಪಂಜಕ್ಕೆ, ಗಾಳಿಯಿಂದ ಎದೆಗೆ ತಾಗುವುದು ಆ ಗುಡುಗು. ದೊಡ್ಡ ಸ್ಪೀಕರಿನಲ್ಲಿ, ಕಿವಿ ಮಾತ್ರ ಅಲುಗುವಷ್ಟು ಸಣ್ಣ ದನಿಯಲ್ಲಿ, ಊಟದ ಹೊತ್ತಿಗೆ 5 ನಿಮಿಷ ಹಾಕಿ. ಮೂರು ದಿನ ನೆಮ್ಮದಿಯಿಂದ ಉಂಡರೆ ಒಂದು ಗೆರೆ ಏರಿಸಿ. ಎರಡು ವಾರ ಇದಾದ ಮೇಲೆ ನಿಜವಾದ ಅಭ್ಯಾಸದ ಜಾಗದಿಂದ 400 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಕಿಟಕಿ ಮುಚ್ಚಿ, ಡಿಕ್ಕಿಯ ಬದಲು ನಿಮ್ಮ ತೊಡೆಯ ಮೇಲೆ. ಒಂದು ಸುತ್ತು ಢೋಲ್ ಮುಗಿಯುವವರೆಗೆ ಚೂರು ಕೊಡುತ್ತಿರಿ, ಢೋಲ್ ನಿಂತರೆ ಚೂರೂ ನಿಲ್ಲಲಿ. ಮರುದಿನ ಕಿಟಕಿ ಎರಡು ಇಂಚು ಇಳಿಸಿ. ಹತ್ತಿರ ಹೋಗಲು ಆತುರ ಬೇಡ. 200 ಮೀಟರಿನಲ್ಲಿ ಮೃದುವಾಗಿ ತಿಂಡಿ ತೆಗೆದುಕೊಂಡರೆ ಅಲ್ಲಿಗೆ ಸಾಕು, ನಾಯಿಯ ಕಿವಿಗೆ ಅದಕ್ಕಿಂತ ಹತ್ತಿರದ ಢೋಲ್ ಅಗತ್ಯವೇ ಇಲ್ಲ.

ಮೆರವಣಿಗೆಗೆ ಎಂದೂ ಕರೆದೊಯ್ಯಬೇಡಿ. ಅನಂತ ಚತುರ್ದಶಿಯ ವಿಸರ್ಜನೆ ಇಲ್ಲಿ ಒಂದು ಹಗಲು ಒಂದು ರಾತ್ರಿ ದಾಟಿ ನಡೆಯುತ್ತದೆ. ಬೆಳಿಗ್ಗೆ ಬೇಗ ಒಂದು ಸುತ್ತು ಹಾಕಿಸಿ, ಆಮೇಲೆ ರಸ್ತೆಯಿಂದ ದೂರದ ಕೋಣೆ, ಕಿಟಕಿ ಮುಚ್ಚಿ, ಫ್ಯಾನು ಜೋರು, ಟವೆಲ್ ಸುರುಳಿಯಲ್ಲಿ ಊಟ. ಹೆದರಿ ನಿಮ್ಮ ಹತ್ತಿರ ಬಂದರೆ ಎತ್ತಿಕೊಳ್ಳಿ. ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಅನ್ನುವುದು ಸುಳ್ಳು. ಆ ಹೊತ್ತಿಗೆ ಅವನಿಗೆ ಆರೇಳು ತಿಂಗಳು ಆಗಿರುತ್ತದೆ, ಮೊದಲು ಒಗ್ಗಿದ್ದಕ್ಕೂ ಮತ್ತೆ ಹೆದರುವ ಎರಡನೇ ಘಟ್ಟ ಬರುವ ವಯಸ್ಸು. ಕಲಿತದ್ದೆಲ್ಲ ಹೋಯಿತು ಅಂದುಕೊಳ್ಳದೆ ದೂರ ಹೆಚ್ಚಿಸಿ, ಹಳೇ ಚೂರುಗಳನ್ನೇ ಮತ್ತೆ ತೆಗೆಯಿರಿ.

ದೀಪಾವಳಿ ಪಟಾಕಿ ಬೇರೆ ಲೆಕ್ಕ, ಅದಕ್ಕೆ ಲಯವಿಲ್ಲ, ಮುನ್ಸೂಚನೆಯಿಲ್ಲ. ಗಣೇಶೋತ್ಸವದಲ್ಲಿ ಊಟ ಬಿಟ್ಟು ನಡುಗಿದನೆಂದರೆ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಡಾಕ್ಟರ ಹತ್ತಿರ ಹೆದರಿಕೆ ತಗ್ಗಿಸುವ ಔಷಧಿ ಕೇಳಿ. ಬರೀ ಮಂಪರು ಬರಿಸುವುದು ಬೇಡ. ಮೈ ಮಲಗಿ ಹೆದರಿಕೆ ಎಚ್ಚರವಾಗಿದ್ದರೆ ಮರಿಗೆ ಅದು ಇನ್ನೂ ಕಷ್ಟ.